ಅಕ್ಕನ ಕಣ್ಣಿಗೆ ಕಾಣುವ ಅಕ್ಷರ

ಅಕ್ಷರ ಚಂದ ಇದ್ದರೆ ಸಾಕೇನ್ರೀ, ಓದೋಕೆ ಬರಬೇಡವೇ? ಇದೊಂದು ಮಾತಿಗೆ ಆ ವೆಬ್‌ಸೈಟ್ ಮಾಡುವ ಆಫೀಸಿನಲ್ಲಿ ಮೂರು ವಾರ ಜಗಳ ನಡೆಯಿತು. ಬಸ್ಸುಗಳ ವೇಳಾಪಟ್ಟಿಯ ಪುಟಕ್ಕೆ ಯಜಮಾನರು ಮೆಚ್ಚಿಕೊಂಡದ್ದು ಒಂದು ಕಡ್ಡಿ ಪೈಲ್ವಾನ್ ಫಾಂಟು, ಅದೂ ಬೂದು ಬಣ್ಣದಲ್ಲಿ. ಡಿಸೈನರಮ್ಮ ಸುತರಾಂ ಒಪ್ಪಲಿಲ್ಲ, ದಪ್ಪ ಅಕ್ಷರವೇ ಬೇಕು ಅಂತ ಕೂತಳು.

"ಇಷ್ಟು ದಪ್ಪ ಅಕ್ಷರ ಯಾರಿಗಮ್ಮಾ? ಊರಿಗೋ, ನಿಮ್ಮಜ್ಜಿಗೋ?" ಅಂದರು ಯಜಮಾನರು.

"ಬಸ್ ಹತ್ತೋರಿಗೆ ಸಾರ್."

ಅರ್ಧ ಸುಳ್ಳು. ಅವಳ ಮನಸ್ಸಿನಲ್ಲಿದ್ದವಳು ಒಬ್ಬಳೇ, ಊರಿನ ಆ ತುದಿಯಲ್ಲಿದ್ದ ಅಕ್ಕ. ಅಮ್ಮ ಹೋದ ಮೇಲೆ ಅಂಗಿಗಳಿಗೆ ಕಾಜಾ ಹೊಲಿದು ಹೊಲಿದು ತಂಗಿಯನ್ನು ಓದಿಸಿದ ಟೈಲರು. ಕಣ್ಣು ಮಂಜಾಗಿತ್ತು. ಆಪರೇಷನ್ ಮಾಡಿಸ್ಕೋ ಅಂತ ತಂಗಿ ಬೆನ್ನು ಬಿದ್ದಾಗ ಅಕ್ಕ ರೇಗಿ, "ನಿನ್ನನ್ನ ಓದಿಸಿಯೇ ಹೋದ ಕಣ್ಣು ಇದು" ಅಂದಳು. ಇವಳೇನು ಕಡಿಮೆಯೇ? "ಓದಿಸು ಅಂತ ನಾನು ಕೇಳಿದ್ನಾ?" ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲ್ಕು ವರ್ಷದಿಂದ ಅಕ್ಕ ಫೋನೆತ್ತಿಲ್ಲ, ಬಾಗಿಲು ತೆರೆದಿಲ್ಲ. ಅವಳ ಬಾಯಿಂದ ಒಂದು ಮಾತು, ಬೈಗುಳವಾದರೂ ಸರಿ, ಕೇಳಬೇಕು ಅಂತ ತಂಗಿಯ ಜೀವ ಹಂಬಲಿಸುತ್ತಿತ್ತು. ಆದರೆ ಎಲ್ಲಿಗೆ ಹೋಗೋದಾದರೂ ಅಕ್ಕನಿಗೆ ಬಸ್ಸೇ ಗತಿ. ತನ್ನ ಕೈಕೆಲಸವೊಂದನ್ನು ಅಕ್ಕ ನೋಡಲೇಬೇಕು ಅಂದರೆ ಅದು ಈ ಪುಟ ಮಾತ್ರ.

ಅಕ್ಕನ ಹತ್ತಿರ ಇದ್ದಂಥದೇ ಒಂದು ಹಳೇ ಫೋನು ತಂದಳು. ತೆಳು ಫಾಂಟು ಅದರಲ್ಲಿ ಬರುವುದಕ್ಕೇ ಅರ್ಧ ನಿಮಿಷ, ಅಲ್ಲಿಯ ತನಕ ಪುಟ ಬರೀ ಬಿಳಿ. ಬಂದ ಮೇಲೂ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆ ಮೇಲೆ ಕೂತಿದ್ದವು. ಅವಳು ಫೋನಿನಲ್ಲೇ ಇರುವ ದುಂಡನೆಯ ಫಾಂಟು ಆರಿಸಿದಳು. ಊರಿನ ಹೆಸರು ಮಾಮೂಲಿ, ಸಮಯ ದಪ್ಪ, ಎಲ್ಲ ಕಡುಗಪ್ಪು, ಸಾಲುಗಳ ನಡುವೆ ಕೈಕಾಲು ಚಾಚುವಷ್ಟು ಜಾಗ.

ಆಮೇಲೆ ಯಜಮಾನರ ಪುಟವನ್ನೇ ಆ ಫೋನಿನಲ್ಲಿ ತೆರೆದು, ಕಿಟಕಿಯ ಬಿಸಿಲಿಗೆ ಅವರನ್ನು ನಿಲ್ಲಿಸಿದಳು. "ಕೊನೇ ಬಸ್ ಎಷ್ಟಕ್ಕೆ, ಓದಿ ಸಾರ್."

ಅವರು ಫೋನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ತೆಗೆದರು. "ಎಂಟು ಮೂವತ್ತೆಂಟು."

"ಎಂಟು ಮೂವತ್ಮೂರು ಸಾರ್. ನಿಮ್ಮ ಬಸ್ಸು ಹೋಗಿ ಐದು ನಿಮಿಷ ಆಯ್ತು."

ನಗು ತಡೆಯದೆ ಯಜಮಾನರು ಸೋತರು.

ಪುಟ ಊರಿಗೆಲ್ಲ ಸಿಕ್ಕಿತು. ದಿನಾ ಬೆಳಿಗ್ಗೆ ಅವಳು ಜನರ ಅನಿಸಿಕೆ ತೆರೆದು ನೋಡುವಳು. ಸೀಟು ಹರಿದಿದೆ, ಡ್ರೈವರು ನಿಲ್ಲಿಸಲ್ಲ, ಬರೀ ಇದೇ ರಾಮಾಯಣ. ಒಂಬತ್ತನೇ ದಿನ ಒಂದು ಬಂತು. ಯಾರೋ ಬಾಯಲ್ಲಿ ಹೇಳಿದ್ದನ್ನು ಫೋನು ಬರೆದುಕೊಂಡಿತ್ತು.

"ನಂಗೆ ಕಣ್ಣು ಮಂಜು. ಟೈಮ್ ನೋಡೋಕೆ ಕಂಡೋರ ಕೈಗೆ ಫೋನ್ ಕೊಡ್ತಿದ್ದೆ. ಈಗ ನಾನೇ ಓದ್ಕೋತೀನಿ. ಮಾಡಿದೋರ ಹೊಟ್ಟೆ ತಣ್ಣಗಿರಲಿ. ಪ್ರತಿ ಭಾನುವಾರ ಹತ್ತು ಗಂಟೆ ಬಸ್ಸಲ್ಲಿ ನನ್ನ ತಂಗಿ ಮನೆ ಸ್ಟಾಪಿನ ತನಕ ಹೋಗ್ತೀನಿ. ಇಳಿಯೋಕೆ ಕಾಲೇ ಏಳಲ್ಲ. ಹಂಗೇ ವಾಪಸ್ ಬರ್ತೀನಿ."

ಕೆಳಗಿದ್ದ ನಂಬರು ಅವಳಿಗೆ ಬಾಯಿಪಾಠ. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

"ಯಾಕಮ್ಮಾ, ಬೈದಿದಾರಾ?" ಯಜಮಾನರು ಗಾಬರಿಯಾದರು.

ಉತ್ತರದ ಜಾಗದಲ್ಲಿ 'ನಿಮ್ಮ ಅನಿಸಿಕೆಗೆ ಧನ್ಯವಾದ' ಅಂತ ಮೊದಲೇ ಬರೆದಿತ್ತು. ಅದನ್ನು ಅಳಿಸಿ ಅವಳು ಬರೆದಳು:

"ಅಕ್ಕಾ, ನಾನೇ ಕಣೇ ಮಾಡಿದ್ದು. ಭಾನುವಾರ ಸ್ಟಾಪಲ್ಲಿ ನಿಂತಿರ್ತೀನಿ. ನೀನು ಇಳೀದಿದ್ರೆ ನಾನೇ ಹತ್ತಿಬಿಡ್ತೀನಿ."