ಎರಡನೇ ಡ್ರೈವ್ ಯಾಕೆ ಬೇಕು?

ಕಂಪ್ಯೂಟರ್‌ಗೆ ಎರಡು ಸಿಡಿ ಡ್ರೈವ್ ಯಾಕೆ ಎಂದು ನನ್ನನ್ನು ಕೇಳದವರಿಲ್ಲ. ಜೆರಾಕ್ಸ್‌ಗೆ ಬಂದವರು ಕೇಳುತ್ತಾರೆ, ಲ್ಯಾಮಿನೇಷನ್‌ಗೆ ಬಂದವರು ಕೇಳುತ್ತಾರೆ, ಪಕ್ಕದ ಬೇಕರಿಯವನಂತೂ ಬಿಟ್ಟಿ ಸಲಹೆಯನ್ನೂ ಕೊಡುತ್ತಾನೆ. ಈ ಕಾಲದಲ್ಲಿ ಒಂದಿರುವುದೇ ಹೆಚ್ಚಂತೆ. ಅವನ ಮನೆಯಲ್ಲಿ ಎಷ್ಟು ಟಿವಿ ಇವೆ ಎಂದು ನಾನೇನಾದರೂ ಕೇಳಲು ಹೋಗಿದ್ದೇನೆಯೇ?

ಬನಶಂಕರಿ ಎರಡನೇ ಹಂತದಲ್ಲಿ ನನ್ನದೊಂದು ಪುಟ್ಟ ಅಂಗಡಿ. ವಕೀಲರು ಕೊಡುವ ಕೆಲಸವೇ ನಮ್ಮ ಹೊಟ್ಟೆಪಾಡು. ಊರೆಲ್ಲ ಸಿಡಿಯನ್ನು ಮರೆತರೂ ವಕೀಲರು ಮರೆತಿಲ್ಲ. ಫೋನಿನಲ್ಲಿ ತೆಗೆದ ವಿಡಿಯೊ ಸಾಕ್ಷಿಯಾಗಬೇಕಾದರೆ ಅದನ್ನು ಸಿಡಿಗೆ ಹಾಕಿಸಿ ಕೋರ್ಟಿಗೊಂದು, ಎದುರು ಪಾರ್ಟಿಗೊಂದು, ತಮಗೊಂದು ಎಂದು ತೆಗೆದುಕೊಂಡು ಹೋಗುತ್ತಾರೆ. ಪ್ರತಿ ಮಾಡಿದವರು ನಾವೇ, ಪರೀಕ್ಷಿಸಿದ್ದೇವೆ ಎಂದು ಸರ್ಟಿಫಿಕೇಟಿಗೆ ಸಹಿಯನ್ನೂ ಹಾಕಿಸಿಕೊಳ್ಳುತ್ತಾರೆ. ಆ ಸಹಿ ನನ್ನದು. ಚೈತ್ರ ಎಂದು ಬರೆದರೆ ಅದಕ್ಕೊಂದು ಬೆಲೆ ಇರಬೇಕಲ್ಲ? ಅದಕ್ಕೇ ನಮ್ಮಲ್ಲೊಂದು ಪದ್ಧತಿ. ಒಂದು ಡ್ರೈವಿನಲ್ಲಿ ಬರೆದ ಸಿಡಿಯನ್ನು ಇನ್ನೊಂದು ಡ್ರೈವಿನಲ್ಲಿ ಓದಿಸಿ ನೋಡದೆ ಯಾರ ಕೈಗೂ ಕೊಡುವುದಿಲ್ಲ.

ನನ್ನ ತಮ್ಮ ಮನು ಈ ಪದ್ಧತಿಗೆ ಎಳ್ಳುನೀರು ಬಿಟ್ಟ. ಅಂಗಡಿಯಲ್ಲಿ ಅವನೂ ಪಾಲುದಾರ. ನಾನು ಮದುವೆಗೆಂದು ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಕಂಪ್ಯೂಟರಿನ ಹಳೆಯ ಕ್ಯಾಬಿನೆಟ್ ಮಾಯವಾಗಿ, ಗಾಜಿನ ಬಾಗಿಲು, ಬಣ್ಣದ ದೀಪದ ಹೊಸ ಕ್ಯಾಬಿನೆಟ್ ಬಂದು ಕೂತಿತ್ತು. ಅದರಲ್ಲಿ ಸಿಡಿ ಡ್ರೈವಿಗೆ ಇದ್ದದ್ದು ಒಂದೇ ಜಾಗ, ಹಳೆಯ ಎರಡರಲ್ಲಿ ಒಂದು ಅಲ್ಲಿ ಕೂತಿತ್ತು.

"ಇನ್ನೊಂದು ಡ್ರೈವ್ ಎಲ್ಲೋ?" ಎಂದೆ.

"ಗುಜರಿಗೆ ಹಾಕ್ದೆ. ಅಕ್ಕ, ನೀನು ಯಾವ ಕಾಲದಲ್ಲಿದ್ದೀಯ? ಬರೆದಾದ್ಮೇಲೆ ಸಾಫ್ಟ್‌ವೇರೇ ಚೆಕ್ ಮಾಡತ್ತೆ. ಹಸಿರು ಟಿಕ್ ಬರತ್ತೆ ನೋಡು, ಸಖತ್ತಾಗಿದೆ."

"ಅದನ್ನ ಓದಿ ಚೆಕ್ ಮಾಡೋದು ಯಾವ ಡ್ರೈವು? ಬರೆದಿದ್ದೇ ತಾನೆ?"

"ಹೂಂ. ಏನೀಗ?"

"ನಿನ್ನ ಎಸ್ಸೆಸ್ಸೆಲ್ಸಿ ಪೇಪರ್ ನೀನೇ ತಿದ್ದಿದ್ರೆ ನಿಂಗೂ ರ‍್ಯಾಂಕ್ ಬರ್ತಿತ್ತು."

ಅವನು ನಕ್ಕ. ನನಗೆ ಮೈಯೆಲ್ಲ ಉರಿಯಿತು. ಇನ್ನೊಂದು ಡ್ರೈವ್ ತರಲೇಬೇಕು ಎಂದೆ, ಅವನು ಮುಂದಿನ ವಾರ ನೋಡೋಣ ಎಂದ. ಆ ವಾರದಲ್ಲೇ ವಕೀಲ ಸೋಮನಾಥ್ ಅವರು ಲಕ್ಷ್ಮಿದೇವಮ್ಮನನ್ನು ಕರೆದುಕೊಂಡು ಬಂದರು.

ಲಕ್ಷ್ಮಿದೇವಮ್ಮ ಬಿಳೇಕಹಳ್ಳಿಯವರು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರ ಮನೆಯೂ ಬಾಡಿಗೆ ಮನೆಗಳೂ ಇವೆ. ಮುಂದಿನ ರಸ್ತೆ ಬದಿಯ ಕಟ್ಟಡ ಭಾವನ ಮಗ ಬೈರಣ್ಣನದು. ಅದರ ಪಕ್ಕದ ಓಣಿಯೊಂದೇ ಈಕೆಗೆ ದಾರಿ. ಅಲ್ಲಿಗೆ ಬೈರಣ್ಣ ಕಬ್ಬಿಣದ ಗೇಟು ಹಾಕಿಸಿದ. ಹಾಕಿಸಿದ ದಿನ ಎಲ್ಲರ ಮುಂದೆ, "ಚಿಕ್ಕಮ್ಮ, ಈ ದಾರಿ ನಂದೆಷ್ಟೋ ನಿಂದೂ ಅಷ್ಟೇ. ಗೇಟು ಕಳ್ರಿಗೆ, ನಿಂಗಲ್ಲ" ಎಂದು ದೊಡ್ಡ ಮಾತಾಡಿದ್ದ. ಬಾಡಿಗೆಗಿದ್ದ ಸೀನು ಅದನ್ನು ಫೋನಿನಲ್ಲಿ ತೆಗೆದಿದ್ದ. ಆಮೇಲೆ ಗೇಟಿಗೆ ಬೀಗ ಬಿತ್ತು. ಓಣಿ ಪೂರ್ತಿ ತನ್ನದು, ಚಿಕ್ಕಮ್ಮನಿಗೆ ಯಾವ ಹಕ್ಕೂ ಇಲ್ಲ ಎಂದು ಬೈರಣ್ಣ ವರಸೆ ಬದಲಿಸಿದ. ನೀರಿನ ಟ್ಯಾಂಕರ್ ಒಳಗೆ ಬರುವಂತಿಲ್ಲ. ಬಾಡಿಗೆಯವರು ಒಬ್ಬೊಬ್ಬರಾಗಿ ಖಾಲಿ ಮಾಡುತ್ತಿದ್ದರು.

"ನೀರು ಹಾಳಾಗೋಗ್ಲಿ ಕಣಮ್ಮ," ಎಂದರು ಲಕ್ಷ್ಮಿದೇವಮ್ಮ. "ನನ್ ಮನೆಗೆ ಹೋಗೋಕೆ ನಾನು ಅವನ ಬಾಗ್ಲಲ್ಲಿ ನಿಂತು, ಬೈರಣ್ಣ ಗೇಟ್ ತೆಗಿಯಪ್ಪಾ ಅಂತ ಕರೀಬೇಕು. ಎತ್ತಿ ಆಡಿಸಿದ ಹುಡ್ಗ. ಕೇಳ್ಸಿದ್ರೂ ಕೇಳಿಸ್ದಂಗೆ ಇರ್ತಾನೆ."

ಆ ಕ್ಷಣದಿಂದ ಆ ಕೇಸು ನನ್ನದೂ ಆಯಿತು. ಹೊಸ ಡ್ರೈವ್ ಬರುವ ತನಕ ಕಾಯಿರಿ ಎಂದರೆ ಸೋಮನಾಥ್ ಕೇಳಲಿಲ್ಲ, ಮರುದಿನವೇ ಕೋರ್ಟಿಗೆ ಕೊಡಬೇಕಿತ್ತು. ಮೂರು ಸಿಡಿ ಬರೆದೆ. ಮೂರಕ್ಕೂ ಹಸಿರು ಟಿಕ್ ಬಂತು. ಸಹಿ ಹಾಕಿ ಕೊಟ್ಟೆ. ಕೋರ್ಟಿನ ಕೆಲಸದ ಫೈಲನ್ನು ನಾವು ಅಂಗಡಿಯಲ್ಲಿ ಉಳಿಸಿಕೊಳ್ಳುವುದಿಲ್ಲ, ಅಳಿಸಿಬಿಡುತ್ತೇವೆ. ಇದನ್ನೂ ಅಳಿಸಿದೆ. ಸೀನು ಪುಣ್ಯಾತ್ಮ, ಸಿಡಿ ಆಯಿತಲ್ಲ ಎಂದು ಹಳೆಯ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತೆಗೆದುಕೊಂಡ.

ಕೋರ್ಟಿನಲ್ಲಿ ಸಿಡಿ ತೆರೆಯಲಿಲ್ಲ. ಎದುರು ಪಾರ್ಟಿಗೆ ಕೊಟ್ಟದ್ದೂ ತೆರೆಯಲಿಲ್ಲ. ಖಾಲಿ ಸಿಡಿ ಕೊಟ್ಟು ಕೋರ್ಟಿನ ಸಮಯ ಹಾಳು ಮಾಡಿದ್ದಾರೆ ಎಂದು ಬೈರಣ್ಣನ ವಕೀಲರು ಎಗರಾಡಿದರಂತೆ. ಬೈರಣ್ಣ ಹಿಂದಿನ ಬೆಂಚಿನಲ್ಲಿ ಕೂತು ನಕ್ಕನಂತೆ. ಜಡ್ಜು ಮೇಡಂ ಇನ್ನೊಂದು ದಿನ ಕೊಟ್ಟರು. ಸೋಮನಾಥ್ ತಮ್ಮ ಪ್ರತಿಯನ್ನು ನನ್ನ ಮೇಜಿನ ಮೇಲೆ ಎಸೆದು ಹೋದರು.

ನಮ್ಮ ಕಂಪ್ಯೂಟರ್‌ಗೆ ಹಾಕಿದೆ. ಚೆನ್ನಾಗಿಯೇ ತೆರೆಯಿತು. ಬೈರಣ್ಣ ಸ್ಪಷ್ಟವಾಗಿ ಮಾತಾಡಿದ.

"ನೋಡ್ದಾ? ಕೋರ್ಟಿನ ಕಂಪ್ಯೂಟರೇ ಡಬ್ಬಾ," ಎಂದ ಮನು.

ಅವನ ಮಾತು ಕಿವಿಗೆ ಹಾಕಿಕೊಳ್ಳದೆ ಎದುರಿನ ಸ್ಟುಡಿಯೊಗೆ ಓಡಿದೆ. ಅಲ್ಲಿ ತೆರೆಯಲಿಲ್ಲ. ಶ್ರೀನಗರದ ಪರಿಚಯದ ಅಂಗಡಿಗೆ ಹೋದೆ. ಅಲ್ಲೂ ಇಲ್ಲ. ಆಗ ತಿಳಿಯಿತು. ವಯಸ್ಸಾಗಿ ನಮ್ಮ ಡ್ರೈವಿನ ಕಣ್ಣು ಓರೆಯಾಗಿತ್ತು. ಓರೆಯಾಗಿ ಬರೆದದ್ದನ್ನು ತಾನೇ ಓರೆಯಾಗಿ ಓದಿಕೊಂಡು ತನಗೆ ತಾನೇ ಹಸಿರು ಟಿಕ್ ಕೊಟ್ಟುಕೊಂಡಿತ್ತು. ಲೋಕದಲ್ಲಿ ಇನ್ಯಾರಿಗೂ ಅದರ ಬರಹ ಓದಲು ಬರುವುದಿಲ್ಲ.

ಹೇಳಿದಾಗ ಮನುವಿನ ಮುಖ ಹುಳ್ಳಗಾಯಿತು. ಸ್ಕ್ರೂಡ್ರೈವರ್ ಹುಡುಕಿ, "ಈ ದರಿದ್ರಾನ ಮೊದ್ಲು ಎಸೀತೀನಿ, ಹೊಸಾದು ಹಾಕೋಣ" ಎಂದು ಎದ್ದ.

"ಮುಟ್ಟಿದ್ರೆ ಕೈ ಮುರೀತೀನಿ! ಆಯಮ್ಮನ ದಾರಿ ಅದರೊಳಗಿದೆ. ಅದೊಂದೇ ಓದೋದು."

ಅವತ್ತೇ ಕಂಪ್ಯೂಟರ್ ಸಾಮಾನು ಮಾರುವ ಎಸ್.ಪಿ. ರೋಡಿಗೆ ಹೋದೆ. ಅಲ್ಲಿಯ ಅಂಗಡಿಯವನೂ, "ಒಂದಿದೆ ಅಂತೀರಿ, ಎರಡ್ಯಾಕೆ ಮೇಡಂ?" ಎಂದ. "ಉಪ್ಪಿನಕಾಯಿ ಹಾಕೋಕೆ" ಎಂದು ಬಾಯಿ ಮುಚ್ಚಿಸಿದೆ. ಹೊಸ ಕ್ಯಾಬಿನೆಟ್‌ನಲ್ಲಿ ಜಾಗವಿಲ್ಲವಲ್ಲ, ಮನುವಿನ ಚಂದದ ಗಾಜಿನ ಬಾಗಿಲನ್ನು ಕಿತ್ತು ಗೋಡೆಗೆ ಒರಗಿಸಿ, ಹೊಸ ಡ್ರೈವನ್ನು ಕ್ಯಾಬಿನೆಟ್ ತಲೆಯ ಮೇಲೆ ಕೂರಿಸಿ ವೈರು ಎಳೆದೆ. ಹಳೆಯದು ಓದಿತು, ಹೊಸದು ಬರೆಯಿತು. ಬರೆದದ್ದನ್ನು ಸ್ಟುಡಿಯೊದಲ್ಲೂ ಶ್ರೀನಗರದಲ್ಲೂ ಹಾಕಿ ನೋಡಿದೆ. ತೆರೆಯಿತು.

"ಈಗಾದ್ರೂ ಹಳೇದು ಎಸೀಲಾ?" ಎಂದ ಮನು.

"ಇಲ್ಲ."

"ಕೆಟ್ಟೋಗಿದೆ ಅಂತ ನೀನೇ ಅಂದೆ."

"ನಾನು ಖಾಲಿ ಸಿಡಿಗೆ ಸಹಿ ಹಾಕಿಲ್ಲ ಅಂತ ಹೇಳೋಕೆ ಬೇರೆ ಯಾರಿದಾರೆ?"

ಮುಂದಿನ ತಾರೀಖಿಗೆ ನಾನೂ ಹೋದೆ. ಕೈಚೀಲದಲ್ಲಿ ಹಳೆಯ ಡ್ರೈವು, ಅದರ ಕೇಬಲ್ಲು. ಹೊಸ ಸಿಡಿ ಕೋರ್ಟಿನ ಕಂಪ್ಯೂಟರ್‌ನಲ್ಲಿ ತೆರೆದದ್ದೇ ಬೈರಣ್ಣನ ವಕೀಲರು ಎದ್ದರು.

"ಅವತ್ತು ಖಾಲಿ, ಇವತ್ತು ಭರ್ತಿ! ಈ ನಡುವೆ ಕೂತು ತಯಾರಿಸಿದ್ದಾರೆ ಮೇಡಂ. ಮೂಲ ಫೋನೂ ಇಲ್ಲವಂತೆ. ಸರ್ಟಿಫಿಕೇಟ್ ಕೊಟ್ಟ ಹೆಂಗಸೇ ಸುಳ್ಳಿ."

ಸೋಮನಾಥ್ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತಿದ್ದೆ. ಕೈಚೀಲದಿಂದ ಡ್ರೈವ್ ತೆಗೆದು ಎತ್ತಿ ಹಿಡಿದೆ.

"ಮೇಡಂ, ಆ ಸರ್ಟಿಫಿಕೇಟ್ ಕೊಟ್ಟವಳು ನಾನು. ಅವತ್ತಿನ ಸಿಡಿ ಖಾಲಿ ಅಲ್ಲ. ಅದು ನಿಮ್ಮ ಫೈಲ್‌ನಲ್ಲೇ, ಸೀಲ್ ಹಾಕಿದ ಕವರ್‌ನಲ್ಲಿದೆ. ನಾನು ಮುಟ್ಟಿಲ್ಲ. ಅದನ್ನ ಬರೆದ ಡ್ರೈವ್ ತಂದಿದೀನಿ. ಇಲ್ಲೇ ಹಾಕಿ ನೋಡಿ."

ಜಡ್ಜು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಅವರ ಕಂಪ್ಯೂಟರ್‌ನಲ್ಲಿ ವಿಡಿಯೊ ಇಟ್ಕೊಂಡು ತೋರಿಸ್ತಾರೆ ಮೇಡಂ," ಎಂದರು ಆ ವಕೀಲರು.

"ನನ್ನ ಕಂಪ್ಯೂಟರ್ ಯಾರಿಗೆ ಬೇಕು ಸಾರ್? ಕೋರ್ಟಿನ ಕಂಪ್ಯೂಟರ್‌ಗೇ ಇದೊಂದನ್ನ ಜೋಡಿಸಿ. ನಾನು ಹತ್ರಾನೂ ಬರಲ್ಲ."

ಸಿಬ್ಬಂದಿಯವರೇ ಕೇಬಲ್ ಜೋಡಿಸಿದರು. ಕೋರ್ಟಿನ ಕಂಪ್ಯೂಟರ್‌ಗೂ ಅವತ್ತು ಎರಡು ಡ್ರೈವು. ಸೀಲು ಒಡೆದು ಮೊದಲ ಸಿಡಿಯನ್ನು ಕೋರ್ಟಿನ ಡ್ರೈವಿಗೆ ಹಾಕಿದರು. ತೆರೆಯಲಿಲ್ಲ. ಅದನ್ನೇ ತೆಗೆದು ನನ್ನ ಡ್ರೈವಿಗೆ ಹಾಕಿದರು. ಅದು ಗೊರಗೊರ ಎಂದು ಎಷ್ಟೋ ಹೊತ್ತು ಸುತ್ತಿತು. ಆಡು, ದರಿದ್ರವೇ, ಆಡು ಎಂದು ಹಲ್ಲು ಕಚ್ಚಿಕೊಂಡು ನಿಂತೆ.

"ಚಿಕ್ಕಮ್ಮ, ಈ ದಾರಿ ನಂದೆಷ್ಟೋ ನಿಂದೂ ಅಷ್ಟೇ," ಎಂದಿತು ಬೈರಣ್ಣನ ದನಿ, ಕೋರ್ಟಿನ ತುಂಬ.

ಯಾರೂ ನಗಲಿಲ್ಲ. ಕೇಸು ಮುಗಿಯುವವರೆಗೆ ಗೇಟಿಗೆ ಬೀಗ ಹಾಕಕೂಡದು ಎಂದು ಜಡ್ಜು ಅಲ್ಲೇ ಹೇಳಿದರು.

ಲಕ್ಷ್ಮಿದೇವಮ್ಮ ನನ್ನನ್ನು ಬಿಡದೆ ಆಟೊದಲ್ಲಿ ಬಿಳೇಕಹಳ್ಳಿಗೆ ಕರೆದುಕೊಂಡು ಹೋದರು. ಬೈರಣ್ಣ ಬೈಕಿನಲ್ಲಿ ನಮಗಿಂತ ಮೊದಲೇ ಬಂದು ಗೇಟಿನ ಮುಂದೆ ನಿಂತಿದ್ದ. ಬೀಗ ಹಾಗೇ ಇತ್ತು. ಬಾಡಿಗೆಯವರು ಬಾಲ್ಕನಿಗಳಿಂದ ಬಗ್ಗಿ ನೋಡುತ್ತಿದ್ದರು.

"ತಗೋ ಚಿಕ್ಕಮ್ಮ, ನಿಂಗೂ ಒಂದು ಬೀಗದ ಕೈ ತಂದಿದೀನಿ," ಎಂದು ಕೈ ಚಾಚಿದ. "ನಂಗೊಂದು, ನಿಂಗೊಂದು. ಮನೆ ಮಾತು ಮನೇಲೇ ಮುಗೀಲಿ."

ಆಕೆ ಅದನ್ನು ನೋಡಲೂ ಇಲ್ಲ.

"ಬೀಗ ತೆಗಿ."

ಅವನು ಮೇಲೆ ನೋಡಿದ, ನನ್ನನ್ನು ನೋಡಿದ. ಆಮೇಲೆ ಬಗ್ಗಿ ಬೀಗ ತೆಗೆದ.

"ಕೊಡಿಲ್ಲಿ," ಎಂದು ಲಕ್ಷ್ಮಿದೇವಮ್ಮ ಆ ದಪ್ಪ ಬೀಗವನ್ನು ಅವನ ಕೈಯಿಂದ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡರು. "ಬೀಗ ನನ್ ಹತ್ರ ಇರ್ಲಿ. ಕೈ ಎರಡೂ ನೀನೇ ಇಟ್ಕೊ."

ಓಣಿಯ ನಟ್ಟ ನಡುವೆ, ಗೋಡೆಯ ಬದಿಗೆ ಸರಿಯದೆ, ಮನೆಗೆ ನಡೆದರು.