ಒಳಗೆ ಮಡಚಿಟ್ಟ ನಾಲ್ಕು ಬೆರಳು ಬಟ್ಟೆ

ಟೈಲರಮ್ಮನಿಗೆ ಇದು ಮೂರನೆಯ ಸಲ, ಕೊನೆಯ ಸಲ ಕೂಡ. ಸಂಜೆ ಶಾಲೆಯ ಬಾಯಿಪರೀಕ್ಷೆಯಲ್ಲಿ ಈ ಸಾರಿ ನಪಾಸಾದರೆ ದೊಡ್ಡ ಪರೀಕ್ಷೆಗೆ ಕೂರಿಸುವುದಿಲ್ಲ, ಪಟ್ಟಿಯಿಂದ ಹೆಸರನ್ನೇ ಹೊಡೆದುಹಾಕುತ್ತಾರೆ. ಅರವತ್ತಾರರ ಮುದುಕಿಗೆ ಓದು ಯಾಕೆ ಎಂದು ಬೀದಿಯವರು ಕೇಳುತ್ತಿದ್ದರು. ಅವಳಿಗೆ ಬೇಕಿತ್ತು, ಅಷ್ಟೆ.

ಮೊಮ್ಮಗಳು ಗೈಡನ್ನು ಪೂರ್ತಿ ಬಾಯಿಪಾಠ ಮಾಡಿಸಿದ್ದಳು. ಬಾಗಿಲವರೆಗೂ ಬಂದು, "ಅಜ್ಜಿ, ಅಲ್ಲಿ ಹೋಗಿ ನಿನ್ ತಲೆ ಓಡಿಸ್ಬೇಡ. ಗೈಡಲ್ಲಿರೋದನ್ನ ಒಪ್ಪಿಸಿ ಸುಮ್ನೆ ಬಾ" ಎಂದು ಬೇರೆ ಹೇಳಿದ್ದಳು.

ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಒರೆಸಿಕೊಂಡು ಪ್ರಶ್ನೆ ಓದಿದರು. ಹಿಂದಿನ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಲಾರಿ ಡ್ರೈವರ್ ಕಿವಿ ನಿಮಿರಿಸಿದ.

ಪಾಠದ ಕಥೆ ಇಷ್ಟೇ: ಬಟ್ಟೆ ಹೊಲಿಯುವ ಅಕ್ಕ. ಅವಳೊಂದಿಗೆ ಜಗಳವಾಡಿ ಬೇರೆ ಊರಿಗೆ ಹೊರಟ ತಂಗಿ. ಮಾತು ಬಿಟ್ಟಿದ್ದ ಅಕ್ಕ ಒಂದು ಕೋಟು ಹೊಲಿದು ಅವಳ ಪೆಟ್ಟಿಗೆಯ ಮೇಲಿಡುತ್ತಾಳೆ. ಮಿಕ್ಕ ಬಟ್ಟೆ ಕತ್ತರಿಸಿಲ್ಲ, ನಾಲ್ಕು ಬೆರಳಗಲ ಒಳಗೇ ಮಡಚಿದ್ದಾಳೆ. ಪಕ್ಕದ ಹೊಲಿಗೆಯೂ ಒತ್ತಾಗಿಲ್ಲ, ಉದ್ದುದ್ದ. ಅಲ್ಲಿಗೆ ಕಥೆ ಮುಗಿಯುತ್ತದೆ.

"ಅಕ್ಕ ಹಾಗೆ ಯಾಕೆ ಹೊಲಿದಳು?"

"ಕೋಪದ ಭರದಲ್ಲಿ ಅವಸರ..." ಎಂದು ಶುರುಮಾಡಿದ ಟೈಲರಮ್ಮ ಅಲ್ಲಿಗೇ ನಿಲ್ಲಿಸಿದಳು. ನಲವತ್ತು ವರ್ಷ ಸೂಜಿ ಹಿಡಿದ ಬೆರಳು ತಾನಾಗಿ ಸೆರಗಿನ ಅಂಚನ್ನು ತಡವಿತು.

"ಮುಂದುವರಿಸಿ. ಸರಿಯಾಗೇ ಹೇಳ್ತಿದ್ರಿ."

"ಇಲ್ಲ ಸ್ವಾಮಿ, ಸುಳ್ಳು ಹೇಳ್ತಿದ್ದೆ."

ಡ್ರೈವರ್ ಹಣೆ ಚಚ್ಚಿಕೊಂಡ. "ಅಮ್ಮೋ, ಸೀದಾ ಹೋಗೋ ಗಾಡೀನ ಯಾಕೆ ಹಳ್ಳಕ್ಕೆ ಇಳಿಸ್ತೀರ?"

"ನೀನು ಸುಮ್ನಿರಪ್ಪ. ಸ್ವಾಮಿ, ಅವಸರದಲ್ಲಿರೋಳು ಮೊದಲು ಕತ್ತರಿ ಆಡಿಸ್ತಾಳೆ. ನಾಲ್ಕು ಬೆರಳು ಮಡಚಿ ಕೂರಿಸೋದು ತಾಳ್ಮೆ ಇರೋರ ಕೆಲಸ. ಆ ಹುಡುಗಿ ಇನ್ನೂ ಮೈ ತುಂಬ್ಕೋತಾಳೆ, ಆಗ ಬಿಚ್ಚಿ ಅಗಲ ಮಾಡ್ಲಿ ಅಂತ ಬಿಟ್ಟಿರೋದು. ಬಿಚ್ಚೋದಕ್ಕೆ ಸುಲಭ ಆಗ್ಲಿ ಅಂತಾನೇ ಉದ್ದ ಹೊಲಿಗೆ."

ಪರೀಕ್ಷಕರು ಕೈಯಲ್ಲಿದ್ದ ಉತ್ತರದ ಹಾಳೆ ನೋಡಿದರು. "ಇಲ್ಲಿ ಕೋಪ ಅಂತಲೇ ಇದೆಯಲ್ಲಮ್ಮ."

"ಆ ಹಾಳೆ ಬರೆದೋರು ಬಟ್ಟೆ ಹೊಲಿದಿಲ್ಲ. ನಿಮ್ಮ ಅಂಗಿ ತೋಳು ಸ್ವಲ್ಪ ತಿರುಗಿಸಿ ನೋಡಿ."

ಅವರು ತೋಳಿನ ಅಂಚು ಮಗುಚಿದರು. ಒಳಗೆ ಮಡಚಿದ ಬಟ್ಟೆ ಕಿರುಬೆರಳಿನಷ್ಟೂ ಇರಲಿಲ್ಲ.

"ಅಂಗಡಿಯ ಸಿದ್ಧ ಉಡುಪು. ಹಾಕ್ಕೊಳ್ಳೋರು ಯಾರು ಅಂತ ಹೊಲಿದೋರಿಗೆ ಗೊತ್ತಿಲ್ಲ. ಈಗ ಡ್ರೈವರಪ್ಪ, ನಿಂದು ತೋರ್ಸು."

ಡ್ರೈವರ್ ಎದ್ದುಬಂದು ಅಂಗಿಯ ಪಕ್ಕವನ್ನು ಒಳಮೈ ಕಾಣುವಂತೆ ತಿರುವಿದ. ಅಲ್ಲಿ ಎರಡು ಬೆರಳು ಬಟ್ಟೆ, ಉದ್ದ ಹೊಲಿಗೆಯಲ್ಲಿ ಬೆಚ್ಚಗೆ ಮಲಗಿತ್ತು. "ಅರೆ, ಇದು ನಮ್ಮವ್ವ ಹೊಲಿದದ್ದು" ಎಂದವನು ಅದನ್ನು ಹಿಡಿದುಕೊಂಡೇ ನಿಂತ. ಬೆಂಚಿನ ತುಂಬ ಒಬ್ಬೊಬ್ಬರೂ ತಮ್ಮ ತಮ್ಮ ಅಂಗಿ ತಿರುವಿ ನೋಡತೊಡಗಿದರು. ಕೋಣೆಯೆಲ್ಲ ಗುಜುಗುಜು.

ಪರೀಕ್ಷಕರೂ ಕುರ್ಚಿಯ ತುದಿಗೆ ಸರಿದಿದ್ದರು. "ಹಾಗಾದ್ರೆ ಅಕ್ಕನಿಗೆ ಕೋಪವೇ ಇರಲಿಲ್ವಾ?"

"ಬೇಕಾದಷ್ಟಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ. 'ವಾಪಸ್ ಬಾ' ಅನ್ನೋದನ್ನ ಒಳಗೆ ಮಡಚಿ ಹೊಲಿದ್ಲು. ಬಿಚ್ಚಿ ಅಗಲ ಮಾಡಿಸ್ಕೊಳ್ಳೋಕೆ ಅಕ್ಕನ ಹತ್ರಾನೇ ತಾನೆ ಬರ್ಬೇಕು?"

ಪರೀಕ್ಷಕರು ಉತ್ತರದ ಹಾಳೆಯನ್ನು ಬೋರಲಾಗಿಟ್ಟು, ಅಂಕದ ಪಟ್ಟಿ ಎಳೆದುಕೊಂಡು, ಐದಕ್ಕೆ ಐದು ಹಾಕಿ ಅವಳ ಕಡೆ ತಿರುಗಿಸಿದರು. ಟೈಲರಮ್ಮನಿಗೆ ಕಣ್ಣು ಮಂಜಾಗಿ ಎರಡು ಸಲ ಓದಬೇಕಾಯಿತು: ಪಾಸ್.

ಅವಳು ಬಾಗಿಲು ದಾಟುವಾಗ ಪರೀಕ್ಷಕರು ತಡೆಯಲಾರದೆ ಕರೆದರು. "ಅಮ್ಮ, ಪುಸ್ತಕದಲ್ಲಂತೂ ಇಲ್ಲ. ತಂಗಿ ವಾಪಸ್ ಬಂದಿರ್ತಾಳಾ?"

ಟೈಲರಮ್ಮ ಬಾಯ್ತುಂಬ ನಕ್ಕಳು. "ದಪ್ಪ ಆಗ್ದೆ ಎಷ್ಟು ದಿನ ಇರ್ತಾಳೆ ಸ್ವಾಮಿ? ಬಂದೇ ಬರ್ತಾಳೆ."