ಪಿಟೀಲಕ್ಕ ಮೊದಲು ಶುರು ಮಾಡಲಿ

೧

ಎಲ್ಲಿಂದ ಶುರು ಮಾಡುವುದು? ಪಿಟೀಲಕ್ಕ ಹುಟ್ಟಿದ ದಿನದಿಂದ ಶುರು ಮಾಡಿದರೆ ಅವಳು ವೇದಿಕೆ ಹತ್ತುವಷ್ಟರಲ್ಲಿ ನಿಮಗೆ ನಿದ್ದೆ ಬಂದಿರುತ್ತದೆ. ವೇದಿಕೆಯಿಂದಲೇ ಶುರು ಮಾಡಿದರೆ, ‘ಯಾರಿವಳು, ಇವಳ ಚಿಂತೆ ನಮಗ್ಯಾಕೆ’ ಎನ್ನುತ್ತೀರಿ. ರಾತ್ರಿ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದ ಮೇಷ್ಟ್ರು, ಕಥೆಗೆ ಆದಿ, ಮಧ್ಯ, ಅಂತ್ಯ ಇರಬೇಕು ಎಂದಿದ್ದರು. ಆದಿಯೇ ಸಿಗದಿದ್ದರೆ ಏನು ಮಾಡಬೇಕು ಎಂದು ಹೇಳಿರಲಿಲ್ಲ.

(ಕೇಳೋಣವೆಂದು ಕೈ ಎತ್ತಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು.)

ಇರಲಿ. ಪಿಟೀಲಕ್ಕನಿಗೂ ಇದೇ ಕಷ್ಟ. ಅದಕ್ಕೇ ಅವಳನ್ನು ಆರಿಸಿಕೊಂಡೆ.

೨

ಪಿಟೀಲಕ್ಕನಿಗೆ ಅರವತ್ತು ದಾಟಿದೆ. ಶಾಸ್ತ್ರೀಯ ಗಾಯಕರಿಗೆ ಪಿಟೀಲಿನ ಪಕ್ಕವಾದ್ಯ ನುಡಿಸುವುದು ಅವಳ ಕಸುಬು. ಗಾಯಕರು ಒಂದು ಸಾಲು ಹಾಡುತ್ತಾರೆ, ಇವಳು ಅದನ್ನೇ ತಂತಿಯ ಮೇಲೆ ಹಿಂಬಾಲಿಸುತ್ತಾಳೆ. ಕೊಳಲಿನವರ ಜೊತೆ ಕೂತರೆ ಇವಳ ಪಿಟೀಲಿಗೂ ಉಸಿರು ಬಂದ ಹಾಗಿರುತ್ತದೆ. ಸಿನಿಮಾ ಸ್ಟುಡಿಯೋದಲ್ಲಿ ನಾಯಕಿ ಅತ್ತರೆ ಹಿಂದೆಯೇ ಇವಳ ತಂತಿಯೂ ಅಳುತ್ತಿತ್ತು. ಪಾಶ್ಚಾತ್ಯ ವಾದ್ಯವೃಂದದ ಕೊನೆಯ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ನುಡಿಸಿದ್ದಾಳೆ. ಸೋಪಿನ ಜಾಹೀರಾತಿಗೆ ನೊರೆಯ ಸದ್ದನ್ನೂ ಮಾಡಿಕೊಟ್ಟಿದ್ದಾಳೆ. ‘ಬಹುಮುಖ ಪ್ರತಿಭೆ’ ಎಂದು ಕೆತ್ತಿದ ಫಲಕವೊಂದು ಅವಳ ಕಿಟಕಿಯಲ್ಲಿದೆ. ಗಾಳಿಗೆ ಕದ ಬಡಿಯದ ಹಾಗೆ ಒತ್ತಾಗಿ ಇಟ್ಟಿದ್ದಾಳೆ.

ಪತ್ರಿಕೆಯ ವಿಮರ್ಶೆಗಳಲ್ಲಿ ಕೊನೆಯ ಸಾಲು ಇವಳದು: ‘ಪಿಟೀಲು ಸಹಕಾರ ಹಿತಮಿತವಾಗಿತ್ತು.’ ಜೀವಮಾನವಿಡೀ ಹಿತಮಿತವಾಗಿದ್ದರೆ ಮನುಷ್ಯರು ಏನಾಗಬಹುದು, ನೀವೇ ಯೋಚಿಸಿ. ಕಛೇರಿ ಮುಗಿದರೆ ಜನ ಗಾಯಕರನ್ನು ಮುತ್ತಿಕೊಳ್ಳುತ್ತಾರೆ. ಇವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬರುತ್ತಾಳೆ. ಪಕ್ಕದ ಸೀಟಿನವರು ತೂಕಡಿಸಿ ಭುಜಕ್ಕೆ ಒರಗಿದರೆ ಸರಿಸುವುದಿಲ್ಲ. ಯಾರಾದರೂ ಮಾತಾಡಿಸಿದರೆ ಅವರದೇ ಧಾಟಿಯಲ್ಲಿ ಉತ್ತರ ಕೊಡುತ್ತಾಳೆ. ಯಾರೂ ಮಾತಾಡಿಸದ ದಿನ ಅವಳ ದನಿ ಅವಳ ಕಿವಿಗೂ ಬೀಳುವುದಿಲ್ಲ.

ಹೀಗಿರುವಾಗ ಒಂದು ಸೋಮವಾರ ಸಂಗೀತ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು.

“ಅಮ್ಮಾ, ನಮ್ಮ ಗಾಯಕರ ಗಂಟಲು ಕೂತುಬಿಟ್ಟಿದೆ. ಶನಿವಾರ ನೀವೇ ನುಡಿಸಿಬಿಡಿ.”

“ಯಾರ ಜೊತೆ?”

“ಯಾರ ಜೊತೇನೂ ಅಲ್ಲಮ್ಮ. ಸೋಲೋ.”

“ಮೃದಂಗದವರಾದ್ರೂ…”

“ಅವರು ಗಾಯಕರ ಭಾವಮೈದ ಅಲ್ವಾ? ಆಸ್ಪತ್ರೇಲಿ ಭಾವನ ಪಕ್ಕ ಕೂತಿದ್ದಾರೆ.”

ಪಿಟೀಲಕ್ಕ ಹೂಂ ಎಂದಳು. ಹೂಂ ಎನ್ನುವುದು ಅವಳಿಗೆ ರೂಢಿ.

೩ (ಇದನ್ನು ಹರಿದು ಹಾಕಿದ್ದೇನೆ. ಆದರೂ ಓದಿ.)

ಕಥೆಗೆ ಕಣ್ಣೀರು ಸಾಲದು ಎನಿಸಿ ಅವಳಿಗೊಬ್ಬ ತೀರಿಹೋದ ಗಂಡನನ್ನು ಬರೆದೆ. ಗೋಡೆಗೆ ಅವನ ಫೋಟೋ ಹಾಕಿದೆ. ಆಮೇಲೆ ಸಂಶಯ ಬಂದು ಅವಳನ್ನೇ ಕೇಳಿದೆ.

“ನಿನಗೆ ಗಂಡ ಇದ್ನೇನೇ?”

“ನೀವು ಇರಲಿ ಅಂದ್ರೆ ಇರಲಿ ಅಮ್ಮ.”

“ನಾನು ಕೇಳ್ತಿರೋದು ನಿನ್ನನ್ನ.”

“ನಿಮ್ಮ ಕಥೆಗೆ ಹೇಗೆ ಬೇಕೋ ಹಾಗೆ ಹೊಂದ್ಕೊಳ್ತೀನಿ.”

ಇಂಥ ಕಥೆಗಳಲ್ಲಿ ಪಾತ್ರಗಳು ಬರೆಯುವವರ ಜೊತೆ ಜಗಳಕ್ಕೆ ನಿಲ್ಲುತ್ತವಂತೆ. ನನ್ನ ಪಾಲಿಗೆ ಬಂದವಳು ಇವಳು! ಗಂಡನನ್ನು ಕೊಟ್ಟೆ, ಸೈ. ಕಿತ್ತುಕೊಂಡೆ, ಅದಕ್ಕೂ ಸೈ. ಮುಂಗೋಪಿ ಮಾಡಿ ನೋಡೋಣವೆಂದು ಬರೆದರೆ, ಎರಡು ಸಾಲು ಚೆನ್ನಾಗಿ ಸಿಡುಕಿ, “ಸಾಕಾ ಅಮ್ಮ?” ಎಂದು ನನ್ನ ಮುಖ ನೋಡಿದಳು.

೩, ಮತ್ತೊಮ್ಮೆ

ಮಹಡಿಯ ಮೇಲೆ ಅವಳ ಬಾಡಿಗೆ ಕೋಣೆ. ಒಂದು ಚಾಪೆ, ಒಂದು ಸ್ಟವ್, ಒಗೆದು ಒಳಗೇ ಹರವಿದ ಎರಡು ಸೀರೆ. ಮಂಗಳವಾರ ಬೆಳಿಗ್ಗೆ ಅಭ್ಯಾಸಕ್ಕೆ ಕೂತಳು. ತಂತಿಯನ್ನು ಆ ಗಾಯಕರ ಶ್ರುತಿಗೇ ಬಿಗಿದಳು, ಇನ್ಯಾರದಕ್ಕೆ ಬಿಗಿಯುವುದು? ಕಮಾನು ಎತ್ತಿದಳು. ಕಾದಳು. ಒಬ್ಬರು ಒಂದು ಸಾಲು ಹಾಡಿ ಮುಗಿಸುವಷ್ಟು ಹೊತ್ತು ಕಾದು ನುಡಿಸಿದಳು. ಮತ್ತೆ ಕಾದಳು.

ಕೆಳಗಿನ ಮನೆಯಲ್ಲಿ ಒಬ್ಬ ಟೈಲರಮ್ಮ ಇದ್ದಾಳೆ. ಗುರುವಾರ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಮೇಲೆ ಬಂದಳು.

“ಪಿಟೀಲಕ್ಕ, ಬೇಜಾರು ಮಾಡ್ಕೋಬೇಡಿ. ಈ ವಾರ ನೀವು ನುಡಿಸೋದು, ಯಾರೋ ಫೋನಲ್ಲಿ ಮಾತಾಡ್ತಿರೋ ಹಾಗೆ ಕೇಳುತ್ತೆ.”

“ಹಾಗಂದ್ರೆ?”

“ಈ ಕಡೆಯವರ ಮಾತು ಮಾತ್ರ ಕೇಳುತ್ತೆ. ಆ ಕಡೆಯವರು ಏನಂದ್ರೋ ಅಂತ ನಾನು ಮಿಷನ್ ನಿಲ್ಲಿಸಿ ಕಿವಿ ಕೊಟ್ಟು ಕೂತಿರ್ತೀನಿ. ಮೂರು ರವಿಕೆ ಹಾಗೇ ಬಿದ್ದಿದೆ. ಆ ಕಡೆ ಯಾರಕ್ಕ ಇರೋದು?”

ಪಿಟೀಲಕ್ಕ ನಕ್ಕಳು. ಟೈಲರಮ್ಮ ನಕ್ಕಿದ್ದಳಲ್ಲ, ಅದಕ್ಕೆ. ಅವಳು ಇಳಿದು ಹೋದ ಮೇಲೆ ಕಾಯದೆ ನುಡಿಸಲು ನೋಡಿದಳು. ಬೆರಳು ತಂತಿಯ ಮೇಲೆ ನಿಂತಿತು. ಯಾವ ಸ್ವರ? ಯಾರೂ ಹೇಳಲಿಲ್ಲ. ಅಷ್ಟೊಂದು ಜನರ ದನಿ ಹೊತ್ತು ತಿರುಗಿದ ಈ ಪಿಟೀಲಿನಲ್ಲಿ ತನ್ನದೆನ್ನುವ ಸಾಲು ಒಂದಾದರೂ ಇದೆಯೋ ಇಲ್ಲವೋ? ಶನಿವಾರ ಗೊತ್ತಾಗಿಬಿಡುತ್ತದೆ. ಅದೂ ಎಲ್ಲರೆದುರು.

(ಈ ಭಯವನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ, ನಾನೇ ಊಹಿಸಿದೆ. ಕೇಳಿದ್ದರೆ “ನೀವು ಹೇಳಿದ ಮೇಲೆ ಸರಿ ಅಮ್ಮ” ಎನ್ನುತ್ತಿದ್ದಳು.)

೫

ನಾಲ್ಕು ಎಲ್ಲಿ ಎಂದು ಕೇಳಬೇಡಿ. ನಾಲ್ಕರಲ್ಲಿ ಅವಳನ್ನು ಅಳಿಸಿದ್ದೆ. ಬಹಳ ಚೆನ್ನಾಗಿ ಅತ್ತಳು, ಸ್ಟುಡಿಯೋದಲ್ಲಿ ಅತ್ತ ಹಾಗೆಯೇ. ಅದಕ್ಕೇ ತೆಗೆದೆ.

ಶನಿವಾರ. ಪರದೆ ಸರಿಯಿತು. ಪಿಟೀಲಕ್ಕ ಬಂದು ಕೂತಳು. ಎಲ್ಲಿ? ವೇದಿಕೆಯ ಒಂದು ಪಕ್ಕದಲ್ಲಿ, ತನ್ನ ಮಾಮೂಲಿ ಜಾಗದಲ್ಲಿ, ನಡುವಿನತ್ತ ಮುಖ ಮಾಡಿ. ನಡುವೆ ಬರೀ ಮೈಕು ನಿಂತಿತ್ತು. ಗಾಯಕರು ಬರುವವರಿದ್ದಾರೆ ಎಂದುಕೊಂಡು ಸಭೆ ಕಾಯಿತು. ಅವಳೂ ಕಾದಳು.

ಮೈಕಿನವನು ಬಗ್ಗಿಕೊಂಡು ಓಡಿ ಬಂದ. “ಅಮ್ಮಾ, ನಡುವೆ ಬನ್ನಿ. ಇದು ಪಕ್ಕವಾದ್ಯದ ಜಾಗ.”

ಇಲ್ಲಿ ನಿಲ್ಲಿಸಿ, ಮುಕ್ತಾಯಗಳನ್ನು ಅವಳ ಮುಂದಿಟ್ಟೆ.

ಮೊದಲನೆಯದು: ನಡುವೆ ಹೋಗಿ ಕೂರುತ್ತಾಳೆ, ಅಮೋಘವಾಗಿ ನುಡಿಸುತ್ತಾಳೆ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ.

“ಹಾಗೇ ಆಗ್ಲಿ ಅಮ್ಮ,” ಎಂದು ಏಳಹೊರಟಳು.

“ಕೂತ್ಕೊಳ್ಳೇ. ನನಗೇ ನಂಬಿಕೆ ಇಲ್ಲ.”

ಎರಡನೆಯದು: ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಹಿಂಬಾಗಿಲಿನಿಂದ ಹೋಗಿಬಿಡುತ್ತಾಳೆ, ಮತ್ತೆಂದೂ ನುಡಿಸುವುದಿಲ್ಲ. ಆಗಲೇ ಕಮಾನು ಸಡಿಲಿಸತೊಡಗಿದಳು. ಪುಣ್ಯಾತ್ಗಿತ್ತಿ!

ಮೂರನೆಯದು: ಗಾಯಕರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಆಸ್ಪತ್ರೆಯಿಂದ ಬಂದೇಬಿಡುತ್ತಾರೆ. ನಡುವೆ ಕೂತು ಪಿಸುದನಿಯಲ್ಲಿ ಒಂದು ಸಾಲು ಎತ್ತುತ್ತಾರೆ. ಅವಳು ಹಿಂಬಾಲಿಸುತ್ತಾಳೆ. (ಇದು ನನಗೆ ಬಹಳ ಹಿಡಿಸಿತ್ತು.)

ಅವಳು ಸಡಿಲಿಸಿದ್ದ ಕಮಾನನ್ನು ಮತ್ತೆ ಬಿಗಿದಳು.

“ಬೇಡ ಅಮ್ಮ.”

ನನ್ನ ಪೆನ್ನು ಜಾರಿತು. “ಏನಂದೆ?”

“ಅಲ್ಲಿ ಯಾರನ್ನೂ ಕೂರಿಸಬೇಡಿ. ಅವರೂ ಬೇಡ. ನೀವೂ ಬೇಡ.”

“ನಾನೆಲ್ಲಿ ಕೂತಿದ್ದೀನೇ ಅಲ್ಲಿ?”

“ಇಷ್ಟು ಹೊತ್ತೂ ಅಲ್ಲೇ ಕೂತಿದ್ದೀರಲ್ಲ.”

ಇಷ್ಟು ದಿನ ಜಗಳ ಬೇಕು ಎಂದವಳು ನಾನೇ. ಬಂದಾಗ ಮೂರೂ ಮುಕ್ತಾಯಗಳನ್ನು ಹೊಡೆದುಹಾಕಿದೆ.

೬

ಅವಳು ಮೈಕಿನವನಿಗೆ ಹೇಳಿದಳು: “ಮೈಕು ಇಲ್ಲಿಗೇ ತನ್ನಪ್ಪ.” ಆಮೇಲೆ ಬಿರಡೆ ತಿರುಗಿಸಿ ತಂತಿಯನ್ನು ಗಾಯಕರ ಶ್ರುತಿಯಿಂದ ಬಿಡಿಸಿದಳು. ಎಲ್ಲಿಗೆ ತಂದು ನಿಲ್ಲಿಸಿದಳೋ, ನಾನು ಕಿವಿಗೊಡಲಿಲ್ಲ. ಖಾಲಿ ನಡುವಿಗೆ ಬೆನ್ನು ಮಾಡಿ ಕೂತಳು. ಕಮಾನು ಎತ್ತಿದಳು.

ಕಾದಳು. ರೂಢಿ ಎಲ್ಲಿ ಹೋಗುತ್ತದೆ! ಸಭೆಯಲ್ಲಿ ಒಬ್ಬರು ಕೆಮ್ಮಿದರು. ಇನ್ನೊಬ್ಬರು ಮೊಬೈಲು ನೋಡಿಕೊಂಡರು. ಕಾರ್ಯದರ್ಶಿ ಬಾಗಿಲ ಬಳಿ ನಿಂತು ಕರವಸ್ತ್ರ ಹಿಂಡುತ್ತಿದ್ದರು. ಮೂರನೆಯ ಸಾಲಿನಲ್ಲಿ, ಅವಳೇ ಕೊಟ್ಟ ಪಾಸಿನಲ್ಲಿ ಬಂದು ಕೂತಿದ್ದ ಟೈಲರಮ್ಮನಿಗೆ ಮಾತ್ರ ಈ ಮೌನದ ಪರಿಚಯವಿತ್ತು. ವಾರವೆಲ್ಲ ಕೆಳಗಿನಿಂದ ಇದನ್ನೇ ಕೇಳಿದ್ದಳು. ಇನ್ನು ತಡೆಯಲಾರದೆ, ಫೋನು ಎತ್ತಿಕೊಂಡವರ ಹಾಗೆ ಅಂದೇಬಿಟ್ಟಳು:

“ಹೂಂ, ಹೇಳಿ.”

ಯಾರೋ ಕಿಸಕ್ಕೆಂದರು. ಯಾರೋ ಉಶ್ ಎಂದರು. ಪಿಟೀಲಕ್ಕ ಆ ದನಿ ಬಂದ ಕಡೆ ತಿರುಗಿದಳು. ಕಮಾನು ಇಳಿಯುತ್ತಿದೆ. ತಂತಿಗೂ ಅದಕ್ಕೂ ಒಂದು ಕೂದಲೆಳೆ ಅಂತರ.

ಮೊದಲ ಸ್ವರ ಯಾವುದು? ಬಂತೋ, ಬರಲಿಲ್ಲವೋ? ನಾನು ಬರೆದರೆ ಅವಳು ಅದನ್ನೇ ನುಡಿಸುತ್ತಾಳೆ, ಹಿತಮಿತವಾಗಿ. ಹಾಗಾಗಿ ಬರೆಯುವುದಿಲ್ಲ. ನಾನು ನಡುವಿನಿಂದ ಎದ್ದಿದ್ದೇನೆ.

ನೀವೂ ದಯವಿಟ್ಟು ಊಹಿಸಬೇಡಿ. ಅವಳ ಕಿವಿ ಬಹಳ ಚುರುಕು.